ಅರ್ಜಿ ಬರೆಯುವ ಮುನ್ನ: ಊರಿನ ಕೆಲಸ ಯಾವ ಸರ್ಕಾರದ್ದು ಎಂದು ಪತ್ತೆ ಹಚ್ಚುವ ಬಗೆ

ಮುಖ್ಯಮಂತ್ರಿಗೆ ಕೊಟ್ಟ ಮನವಿ ತಾಲ್ಲೂಕಿನ ಎಂಜಿನಿಯರ್ ಮೇಜಿಗೆ ಬಂದು ಬೀಳಲು ತಿಂಗಳುಗಳೇ ಹಿಡಿಯಬಹುದು. ಮುಖ್ಯಮಂತ್ರಿ ಕಚೇರಿಯಿಂದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಉಪವಿಭಾಗಕ್ಕೆ. ಪ್ರತಿ ಮೆಟ್ಟಿಲಲ್ಲೂ 'ನಿಯಮಾನುಸಾರ ಸೂಕ್ತ ಕ್ರಮಕ್ಕಾಗಿ' ಎಂಬ ಸಾಲು ಹೊತ್ತು ಅದು ಇಳಿಯುತ್ತಾ ಬರುತ್ತದೆ. ಕೊನೆಗೆ ಸೇರುವುದು ನಿಮ್ಮೂರ ಪಕ್ಕದ ಕಚೇರಿಗೇ. ಅಲ್ಲಿಯವರು 'ಸದರಿ ಕಾಮಗಾರಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಹಿಂಬರಹ (ಲಿಖಿತ ಉತ್ತರ) ಕೊಟ್ಟರೆ ಅಷ್ಟೂ ಕಾಲ ನೀರಿಗೆ ಹೋಯಿತು.

ಜನರ ಅರ್ಜಿಗಳು ಸೋಲುವುದು ಬೇಡಿಕೆ ತಪ್ಪಾಗಿರುವುದಕ್ಕಲ್ಲ, ಬಹುಮಟ್ಟಿಗೆ ವಿಳಾಸ ತಪ್ಪಾಗಿರುವುದಕ್ಕೆ. ಕೇಂದ್ರ, ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಎಂದು ಐದು ಹಂತಗಳ ಕೈ ಒಂದೇ ನಲ್ಲಿಯ ಮೇಲೆ ಇರುವಾಗ ಯಾರನ್ನು ಕೇಳಬೇಕು ಎಂದು ತಿಳಿಯದಿರುವುದು ಸಹಜ. ಆದರೆ ಪತ್ತೆ ಹಚ್ಚಲು ದಾರಿ ಇದೆ. ಯಾವ ಕೆಲಸಕ್ಕಾದರೂ ಮೂರು ಪ್ರಶ್ನೆ ಹಾಕಿಕೊಳ್ಳಿ: ಆಸ್ತಿ ಯಾರದು? ದುಡ್ಡು ಯಾರದು? ಸಹಿ ಯಾರದು? ಮೂರಕ್ಕೂ ಉತ್ತರ ಬೇರೆ ಬೇರೆಯಾಗಿರಬಹುದು. ಅರ್ಜಿ ಹೋಗಬೇಕಾದದ್ದು ಸಹಿ ಹಾಕುವವರಿಗೆ. ಕರ್ನಾಟಕದ ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಪಟ್ಟಣಗಳಲ್ಲಿ ಪುರಸಭೆ, ನಗರಸಭೆ ಎಂದು ಹೆಸರು ಬದಲಾದರೂ ಕ್ರಮ ಇದೇ.

ಮೊದಲ ಹೆಜ್ಜೆ: ಆಸ್ತಿ ಯಾರದು?

ರಸ್ತೆಯಿಂದಲೇ ಶುರು ಮಾಡೋಣ, ಏಕೆಂದರೆ ಅತಿ ಹೆಚ್ಚು ಅರ್ಜಿ ದಾರಿ ತಪ್ಪುವುದು ಇಲ್ಲಿ. ಪಕ್ಕದ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಪ್ಪು ಅಥವಾ ನೀಲಿ ಇದ್ದರೆ ಸಾಮಾನ್ಯವಾಗಿ ಜಿಲ್ಲಾ ರಸ್ತೆ. ಕಿತ್ತಳೆ ಇದ್ದರೆ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಊರೂರ ನಡುವಿನ ಗ್ರಾಮೀಣ ರಸ್ತೆಗಳನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುತ್ತದೆ. ಊರೊಳಗಿನ ಸಿಸಿ ರಸ್ತೆ, ಚರಂಡಿ ಗ್ರಾಮ ಪಂಚಾಯಿತಿಯವು.

ರಾಷ್ಟ್ರೀಯ ಹೆದ್ದಾರಿ ಎಂದ ಮಾತ್ರಕ್ಕೆ ಎಲ್ಲವೂ ಹೆದ್ದಾರಿ ಪ್ರಾಧಿಕಾರದ್ದಲ್ಲ. ಕೆಲವು ಭಾಗಗಳನ್ನು ಕೇಂದ್ರದ ಪರವಾಗಿ ರಾಜ್ಯದ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗವೇ ನಿರ್ವಹಿಸುತ್ತದೆ. ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿದರೆ ನಿಮ್ಮ ಭಾಗ ಯಾರದೆಂಬ ಸುಳಿವು ಸಿಗಬಹುದು. ಕಲ್ಲಿನ ಬಣ್ಣವನ್ನು ಕಣ್ಣು ಮುಚ್ಚಿ ನಂಬಲೂ ಬೇಡಿ. ರಸ್ತೆಯನ್ನು ಮೇಲ್ದರ್ಜೆಗೆ ಏರಿಸಿದ್ದಾಗಿ ಘೋಷಣೆ ಆಗಿರುತ್ತದೆ, ಹಸ್ತಾಂತರ ಆಗಿರುವುದಿಲ್ಲ. ಗುಂಡಿಗಳಿಗೆ ವಾರಸುದಾರರೇ ಇಲ್ಲದಂತಾಗುವುದು ಇಂಥ ರಸ್ತೆಗಳಲ್ಲೇ. ಆಗ ಅರ್ಜಿಯಲ್ಲಿ ಕೇಳಬೇಕಾದದ್ದು ಗುಂಡಿಯ ಬಗ್ಗೆಯಲ್ಲ. 'ಈ ರಸ್ತೆ ಯಾವ ದಿನಾಂಕದಂದು ಯಾರಿಂದ ಯಾರಿಗೆ ಹಸ್ತಾಂತರವಾಗಿದೆ?' ಎಂದು ಕೇಳಿ.

ಕೆರೆಯದು ಇನ್ನೊಂದು ಬಗೆ. ಅಚ್ಚುಕಟ್ಟು (ಕೆರೆಯಿಂದ ನೀರುಣ್ಣುವ ಜಮೀನು) 40 ಹೆಕ್ಟೇರ್, ಅಂದರೆ ಸುಮಾರು ನೂರು ಎಕರೆಗಿಂತ ಕಡಿಮೆ ಇರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯವು. 40ರಿಂದ 2000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಯವು. ಅದಕ್ಕೂ ದೊಡ್ಡವು ಜಲಸಂಪನ್ಮೂಲ ಇಲಾಖೆಗೆ ಸೇರುತ್ತವೆ. ತೂಬು ಸೋರಿದರೆ, ಏರಿ ಬಿರುಕು ಬಿಟ್ಟರೆ, ಕೋಡಿ ಕಿತ್ತು ಹೋದರೆ ಈ ಲೆಕ್ಕದಂತೆ ಹೋಗಿ. ಒತ್ತುವರಿಯಾದರೆ ಮಾತ್ರ ಕೆರೆ ಯಾರದಾದರೂ ಮೊದಲ ಬಾಗಿಲು ತಹಶೀಲ್ದಾರರದು, ಏಕೆಂದರೆ ಅಳತೆ ಮಾಡಿಸಿ ಗಡಿ ಗುರುತಿಸುವ ದಾಖಲೆ ಕಂದಾಯ ಇಲಾಖೆಯ ಬಳಿ ಇರುತ್ತದೆ. ಪಹಣಿಯಲ್ಲಿ 'ಸರ್ಕಾರಿ ಕೆರೆ' ಎಂದಿರುವ ಸರ್ವೆ ನಂಬರನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಕುಡಿಯುವ ನೀರಿನಲ್ಲಿ ಒಂದೇ ಒಂದು ಪ್ರಶ್ನೆ ಎಲ್ಲವನ್ನೂ ತೀರ್ಮಾನಿಸುತ್ತದೆ: ಹಸ್ತಾಂತರ ಆಗಿದೆಯೇ? ಜಲ ಜೀವನ್ ಮಿಷನ್‌ನಲ್ಲಿ ಪೈಪು ಹಾಕಿಸಿದ್ದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ. ಮುಗಿದ ಮೇಲೆ ಊರೊಳಗಿನ ವ್ಯವಸ್ಥೆ ಗ್ರಾಮ ಪಂಚಾಯಿತಿಗೆ ಬರಬೇಕು. ಹಸ್ತಾಂತರಕ್ಕೆ ಮುಂಚೆ ನೀರು ಬರದಿದ್ದರೆ ಗುತ್ತಿಗೆದಾರರು ಮತ್ತು ಇಲಾಖೆಯ ಎಂಜಿನಿಯರ್ ಹೊಣೆ. ಆಮೇಲೆ ಬರದಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೊಣೆ. ಪರೀಕ್ಷಾರ್ಥವಾಗಿ ನೀರು ಹರಿಸಿ, ತಲೆಗೆ ದಿನಕ್ಕೆ 55 ಲೀಟರ್ ಬರುತ್ತದೆಯೇ ಎಂದು ನೋಡದೆ ಪಂಚಾಯಿತಿ ಸಹಿ ಹಾಕಿಬಿಟ್ಟರೆ ಮುಂದಿನ ದುರಸ್ತಿಯ ಭಾರವೆಲ್ಲ ಊರಿನ ಮೇಲೆಯೇ. ಹಸ್ತಾಂತರದ ವಿಷಯ ಗ್ರಾಮಸಭೆಗೆ ಬರಲಿ ಎಂದು ಮೊದಲೇ ಬರೆದುಕೊಡಿ. ಈ ಲೇಖನದಿಂದ ಒಂದೇ ಒಂದು ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ. ಬಹುಗ್ರಾಮ ಯೋಜನೆಯಾದರೆ ಊರ ಹೊರಗಿನ ಮುಖ್ಯ ಕೊಳವೆ, ಶುದ್ಧೀಕರಣ ಘಟಕಕ್ಕೆ ಇಲಾಖೆಯನ್ನೇ ಕೇಳಬೇಕು.

ಉಳಿದವು ಚುಟುಕಾಗಿ: ಬೀದಿದೀಪದ ಬಲ್ಬು ಪಂಚಾಯಿತಿಯದು, ಕಂಬ, ತಂತಿ, ಟಿಸಿ (ವಿದ್ಯುತ್ ಪರಿವರ್ತಕ) ವಿದ್ಯುತ್ ಕಂಪನಿಯದು, ಅದಕ್ಕೆ 1912. ಶಾಲೆಗೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂಗನವಾಡಿಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿ. ಪಹಣಿ, ಮ್ಯುಟೇಷನ್ ತಹಶೀಲ್ದಾರ್ ಕಚೇರಿಯಲ್ಲಿ. ಊರೊಳಗಿನ ನಿವೇಶನದ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಪಂಚಾಯಿತಿಯಲ್ಲಿ. ಅಂಚೆ, ರೈಲು, ಪಾಸ್‌ಪೋರ್ಟ್, ಭವಿಷ್ಯ ನಿಧಿ ನೇರವಾಗಿ ಕೇಂದ್ರದವು.

ಎರಡನೇ ಹೆಜ್ಜೆ: ದುಡ್ಡು ಯಾರದು?

ಸಂವಿಧಾನದ ಏಳನೇ ಅನುಸೂಚಿ ಅಧಿಕಾರವನ್ನು ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ಹಂಚಿದೆ. ನೀರು, ಸಾರ್ವಜನಿಕ ಆರೋಗ್ಯ, ಸ್ಥಳೀಯ ಆಡಳಿತ ಮೂರೂ ರಾಜ್ಯ ಪಟ್ಟಿಯಲ್ಲಿವೆ. ಶಿಕ್ಷಣವೂ ಅಲ್ಲೇ ಇತ್ತು, 1976ರ 42ನೇ ತಿದ್ದುಪಡಿಯಲ್ಲಿ ಸಮವರ್ತಿಗೆ ಹೋಯಿತು. ಹಾಗಿದ್ದರೂ ನಲ್ಲಿಯ ಯೋಜನೆಗೆ ಕೇಂದ್ರದ ಹೆಸರು ಏಕೆ? ದುಡ್ಡಿನಿಂದಾಗಿ. ಜಲ ಜೀವನ್ ಮಿಷನ್‌ನಲ್ಲಿ ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರ ಕೊಡುವುದು ಅರ್ಧ, ರಾಜ್ಯ ಹಾಕಬೇಕಾದದ್ದು ಅರ್ಧ. ಗ್ರಾಮ ಸಡಕ್ ಯೋಜನೆ ಮತ್ತು ಸಮಗ್ರ ಶಿಕ್ಷಣದಲ್ಲಿ 60ಕ್ಕೆ 40. ಒಂದು ಕಡೆಯ ಕಂತು ತಡವಾದರೆ ಇನ್ನೊಂದು ಕಡೆಯದೂ ನಿಲ್ಲುತ್ತದೆ. ಬಿಲ್ಲಾಗದ ಗುತ್ತಿಗೆದಾರ ಯಂತ್ರ ಎತ್ತಿಕೊಂಡು ಹೋಗುತ್ತಾನೆ.

ಆದ್ದರಿಂದ 'ಕೇಂದ್ರದ ಯೋಜನೆ' ಎಂದು ದೆಹಲಿಗೆ ಬರೆಯುವುದರಲ್ಲಿ ಹುರುಳಿಲ್ಲ. ದುಡ್ಡು ಅಲ್ಲಿಂದ ಬಂದರೂ ಟೆಂಡರ್ ಕರೆಯುವುದು, ಅಳತೆ ಬರೆಯುವುದು, ಬಿಲ್ ಪಾಸು ಮಾಡುವುದು ರಾಜ್ಯದ ಅಧಿಕಾರಿ. ದೆಹಲಿಯ ಸಚಿವಾಲಯ ನಿಮ್ಮ ಪಿಡಿಒಗೆ ನೇರ ಆದೇಶ ಕೊಡುವ ವ್ಯವಸ್ಥೆಯೇ ಇಲ್ಲ.

ಪಂಚಾಯಿತಿಯ ಕೈಯಲ್ಲಿರುವ ದುಡ್ಡಿಗೂ ಗೆರೆಗಳಿವೆ. 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಪಾಲು ನಿರ್ಬಂಧಿತ: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ 40 ಪಾಲನ್ನು ಊರಿನ ಅಗತ್ಯ ನೋಡಿ ಬಳಸಬಹುದು, ಸಂಬಳಕ್ಕೆ ಬಳಸುವಂತಿಲ್ಲ. ಸದಸ್ಯರೊಬ್ಬರು 'ರಸ್ತೆಗೆ ದುಡ್ಡಿಲ್ಲ' ಎಂದಾಗ ಅದು ನಿಜವಿರಬಹುದು. ಖಾತೆಯಲ್ಲಿ ಹಣ ಇದ್ದೂ ಅದು ಚರಂಡಿಗೆಂದೇ ಬಂದದ್ದಾಗಿರಬಹುದು. ಜಗಳಕ್ಕೆ ಮುಂಚೆ ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿ ಹೆಸರು ಹುಡುಕಿ. ಆ ವರ್ಷದ ಯೋಜನೆ, ಬಂದ ಅನುದಾನ, ಮಾಡಿದ ಖರ್ಚು ಅಲ್ಲಿ ಕಾಣುತ್ತದೆ. ಒಂದು ಮುದ್ರಿತ ಪ್ರತಿ ಕೈಯಲ್ಲಿದ್ದರೆ ಸಭೆಯ ಮಾತಿನ ಧಾಟಿಯೇ ಬದಲಾಗುತ್ತದೆ.

ದುಡ್ಡಿನ ಈ ಎಳೆದಾಟ ನ್ಯಾಯಬೆಲೆ ಅಂಗಡಿಯಲ್ಲಿ ಎಲ್ಲರಿಗೂ ಕಂಡಿತ್ತು. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ 5 ಕೆ.ಜಿ. ಕೇಂದ್ರದ್ದು. ಅನ್ನಭಾಗ್ಯದಲ್ಲಿ ಇನ್ನೂ 5 ಕೆ.ಜಿ. ಕೊಡುವುದಾಗಿ ರಾಜ್ಯ ಹೇಳಿತು. 2023ರ ಜೂನ್‌ನಲ್ಲಿ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿದ್ದರಿಂದ ರಾಜ್ಯ ಕೆ.ಜಿ.ಗೆ 34 ರೂಪಾಯಿಯಂತೆ ಹಣ ಹಾಕತೊಡಗಿತು. ಆ ತಿಂಗಳುಗಳಲ್ಲಿ ಅಕ್ಕಿ ಕಡಿಮೆಯಾಯಿತೆಂದು ಅಂಗಡಿಯವರ ಮೇಲೆ ಸಿಟ್ಟಾದವರು ಎಷ್ಟೋ ಜನ. ತೂಕದಲ್ಲಿ ಮೋಸವಾದರೆ ಅಂಗಡಿಯವರದೇ ತಪ್ಪು, ದೂರು ತಾಲ್ಲೂಕಿನ ಆಹಾರ ನಿರೀಕ್ಷಕರಿಗೆ. ಪ್ರಮಾಣವೇ ಬದಲಾಗಿದ್ದರೆ ಅದು ಮೇಲಿನ ತೀರ್ಮಾನ. ಅದನ್ನು ಕೇಳಬೇಕಾದದ್ದು ಶಾಸಕರನ್ನು, ಸಂಸದರನ್ನು.

ಮೂರನೇ ಹೆಜ್ಜೆ: ಸಹಿ ಯಾರದು?

ಕಾಮಗಾರಿಯ ಕಡತ ನಡೆಯುವ ದಾರಿ ಹೆಚ್ಚುಕಡಿಮೆ ಹೀಗಿರುತ್ತದೆ: ಕಿರಿಯ ಎಂಜಿನಿಯರ್ (ಜೆಇ) ಸ್ಥಳ ನೋಡಿ ಅಂದಾಜು ಪಟ್ಟಿ ಮಾಡುತ್ತಾರೆ, ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ (ಎಇಇ) ಪರಿಶೀಲಿಸುತ್ತಾರೆ, ಮೊತ್ತಕ್ಕೆ ತಕ್ಕ ಅಧಿಕಾರಿ ತಾಂತ್ರಿಕ ಮಂಜೂರಾತಿ ಕೊಡುತ್ತಾರೆ. ಕ್ರಿಯಾ ಯೋಜನೆಯಲ್ಲಿ ಸೇರಿ ಆಡಳಿತಾತ್ಮಕ ಅನುಮೋದನೆ ಆಗಬೇಕು. ಆಮೇಲೆ ಟೆಂಡರ್, ಕಾರ್ಯಾದೇಶ, ಕೆಲಸ, ಎಂಬಿ ಎಂಬ ಅಳತೆ ಪುಸ್ತಕದಲ್ಲಿ ದಾಖಲೆ, ಬಿಲ್. 'ನಮ್ಮ ಕೆಲಸ ಯಾವಾಗ ಆಗುತ್ತೆ ಸಾರ್?' ಎಂದು ಕೇಳಿದರೆ 'ಆಗುತ್ತೆ, ಪ್ರೋಸೆಸ್‌ನಲ್ಲಿದೆ' ಎಂಬ ಉತ್ತರ ಬರುತ್ತದೆ. 'ಅಂದಾಜು ಪಟ್ಟಿ ಆಗಿದೆಯಾ? ತಾಂತ್ರಿಕ ಮಂಜೂರಾತಿ ಯಾರ ಬಳಿ ಇದೆ? ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಿದೆಯಾ?' ಎಂದು ಕೇಳಿ ನೋಡಿ. ಉತ್ತರ ಒಂದು ಮೇಜಿನ ಹೆಸರಾಗಿರುತ್ತದೆ. ಅಲ್ಲಿಗೆ ಹೋಗಿ.

ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳೇ ಎಲ್ಲಕ್ಕೂ ಮೇಲೆ ಎಂದು ನಂಬುವವರು ಬಹಳ. ಪಂಚಾಯಿತಿ ವಿಷಯದಲ್ಲಿ ಅದು ಸರಿಯಲ್ಲ. ಪಿಡಿಒ ಮೇಲೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ), ಅವರ ಮೇಲೆ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ). ಕಂದಾಯದ ಸಾಲು ಬೇರೆ: ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ. ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ, ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯರಾಗಿರುತ್ತಿದ್ದರು, ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಜನಪ್ರತಿನಿಧಿಗಳ ಜಿಲ್ಲಾ ಸರ್ಕಾರ ಎಂಬ ಕನಸು ಅದು. ಇಂದಿನ 1993ರ ಕಾಯ್ದೆ ಅಷ್ಟು ದೂರ ಹೋಗಲಿಲ್ಲ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದದ್ದು ನನ್ನ ಮಟ್ಟಿಗೆ ಈ ರಾಜ್ಯದ ದೊಡ್ಡ ನಷ್ಟ. ಗ್ರಾಮಕ್ಕೂ ವಿಧಾನಸೌಧಕ್ಕೂ ನಡುವೆ ನೀವು ಓಟು ಹಾಕಿ ಕೇಳಬಹುದಾದ ಒಬ್ಬರೂ ಇಲ್ಲದಂತಾಯಿತು.

ನಾಲ್ಕನೇ ಹೆಜ್ಜೆ: ಅರ್ಜಿ

ಒಂದು ಅರ್ಜಿಯಲ್ಲಿ ಒಂದೇ ವಿಷಯ. ನೀರು, ರಸ್ತೆ, ದೀಪ ಎಲ್ಲವನ್ನೂ ಒಂದರಲ್ಲೇ ಬರೆದರೆ ಮೂರು ಮೇಜಿಗೆ ಸೇರಿದ್ದು ಯಾವ ಮೇಜಿಗೂ ಸೇರುವುದಿಲ್ಲ. ಸ್ಥಳವನ್ನು ಸರ್ವೆ ನಂಬರ್, ವಾರ್ಡ್, ಕಂಬದ ಸಂಖ್ಯೆ, ರಸ್ತೆಯ ಕಿ.ಮೀ. ಹೇಳಿ ಗುರುತಿಸಿ. ಫೋಟೊ ಇಡಿ, ಹಿಂಬದಿಯಲ್ಲಿ ದಿನಾಂಕ ಬರೆಯಿರಿ. 'ದಯಮಾಡಿ ಪರಿಹರಿಸಿ' ಎನ್ನುವುದಕ್ಕಿಂತ 'ಸ್ಥಳ ಪರಿಶೀಲಿಸಿ ಅಂದಾಜು ಪಟ್ಟಿ ತಯಾರಿಸಬೇಕು' ಎನ್ನಿ. ಕಡತದ ಮುಂದಿನ ಮೆಟ್ಟಿಲು ಯಾವುದೋ ಅದನ್ನೇ ಕೇಳುವುದು ಕ್ರಮ.

ಎರಡು ಪ್ರತಿ ಒಯ್ಯಿರಿ. ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟೆ ಎಂಬ ಸಮಾಧಾನ ಬೇಡ. ಕೈಗೆ ಕೊಟ್ಟದ್ದು ಅನೇಕ ಸಲ ದಾಖಲೆಗೇ ಹೋಗುವುದಿಲ್ಲ. ಕೆಲಸ ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಹಿಂಬರಹ ಕೊಡಿ ಎಂದು ವಿನಯದಿಂದ ಕೇಳಿ. 'ನಮ್ಮ ವ್ಯಾಪ್ತಿಯಲ್ಲ' ಎಂಬ ಹಿಂಬರಹವೂ ಉಪಯೋಗದ್ದೇ. ಅದನ್ನು ಜೋಡಿಸಿ ಇನ್ನೊಂದು ಕಚೇರಿಗೆ ಹೋದರೆ ಅವರು ಮತ್ತೆ ಮೊದಲಿನವರತ್ತ ಬೆರಳು ತೋರಿಸುವುದು ಕಷ್ಟ.

ಯಾವ ಕೆಲಸಕ್ಕೆ ಯಾವ ವೇದಿಕೆ ಎಂಬುದನ್ನೂ ನೋಡಿ. ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗಳನ್ನು ನಿಗದಿತ ದಿನಗಳೊಳಗೆ ಕೊಡಿಸಲು ಸಕಾಲ ಇದೆ. 2011ರ ಈ ಕಾಯ್ದೆಯಂತೆ 15 ಅಂಕಿಯ ಸ್ವೀಕೃತಿ ಸಂಖ್ಯೆ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ರಾಜ್ಯದ ಇಲಾಖೆಗಳ ಮೇಲಿನ ಕುಂದುಕೊರತೆಗೆ 1902 ಸಹಾಯವಾಣಿ. ಕೇಂದ್ರದ ಕಚೇರಿಗಳಿಗೆ ಸಿಪಿಗ್ರಾಮ್ಸ್ ಜಾಲತಾಣ. 2024ರ ಮಾರ್ಗಸೂಚಿಯಂತೆ ಅಲ್ಲಿ 21 ದಿನಗಳಲ್ಲಿ ಉತ್ತರ ಬರಬೇಕು.

ಐದನೇ ಹೆಜ್ಜೆ: ಯಾರದೆಂದೇ ತಿಳಿಯದಿದ್ದಾಗ

ಇಲ್ಲಿ ಮಾಹಿತಿ ಹಕ್ಕು ಕಾಯ್ದೆ ಉಪಯೋಗಕ್ಕೆ ಬರುತ್ತದೆ. ಜನ ಇದನ್ನು ಅಕ್ರಮ ಬಯಲಿಗೆಳೆಯಲು ಮಾತ್ರ ಎಂದುಕೊಂಡಿದ್ದಾರೆ. ಹೊಣೆ ಯಾರದೆಂದು ಪತ್ತೆ ಹಚ್ಚಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕಲಂ 6(3) ಹೇಳುವಂತೆ, ಕೇಳಿದ ಮಾಹಿತಿ ತಮ್ಮ ಬಳಿ ಇಲ್ಲದಿದ್ದರೆ ಕಚೇರಿಯು 5 ದಿನಗಳೊಳಗೆ ಅರ್ಜಿಯನ್ನು ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರ್ಗಾಯಿಸಿ ನಿಮಗೆ ತಿಳಿಸಬೇಕು. ಆ ವರ್ಗಾವಣೆ ಪತ್ರವೇ ನಿಮಗೆ ಬೇಕಾದ ಉತ್ತರ. ಇಲಾಖೆ ತನ್ನ ಕೈಯಾರೆ 'ಇದು ಇಂಥವರದು' ಎಂದು ಬರೆದುಕೊಟ್ಟಂತಾಯಿತು.

ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು; ಬಿಪಿಎಲ್ ಕುಟುಂಬದವರು ಕೊಡಬೇಕಿಲ್ಲ. ಹೀಗೆ ಬರೆಯಬಹುದು:

'ನಮ್ಮ ಗ್ರಾಮದ ಜಲ ಜೀವನ್ ಮಿಷನ್ ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ನಕಲು ನೀಡಬೇಕು: ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಈವರೆಗಿನ ಪುಟಗಳು, ಗ್ರಾಮ ಪಂಚಾಯಿತಿಗೆ ಹಸ್ತಾಂತರಿಸಿದ ಪತ್ರ, ಗುತ್ತಿಗೆದಾರರ ನಿರ್ವಹಣಾ ಅವಧಿಯನ್ನು ತಿಳಿಸುವ ಒಪ್ಪಂದದ ಪುಟ. ಮಾಹಿತಿಯು ತಮ್ಮ ಕಚೇರಿಯಲ್ಲಿ ಇಲ್ಲದಿದ್ದಲ್ಲಿ ಕಲಂ 6(3)ರಂತೆ ವರ್ಗಾಯಿಸಿ ನನಗೆ ತಿಳಿಸಬೇಕು.'

ಇದರಲ್ಲಿ 'ಏಕೆ', 'ಯಾವಾಗ ಮಾಡುತ್ತೀರಿ' ಎಂಬ ಪ್ರಶ್ನೆಗಳಿಲ್ಲ. ಅಂಥವಕ್ಕೆ 'ಪ್ರಶ್ನಾರ್ಥಕವಾಗಿದೆ, ಮಾಹಿತಿಯಲ್ಲ' ಎಂದು ವಾಪಸ್ ಕಳಿಸುತ್ತಾರೆ. ದಾಖಲೆ ಕೇಳಿ. ಕೆಲಸವನ್ನೇ ಕಣ್ಣಾರೆ ಪರಿಶೀಲಿಸಲು, ಬಳಸಿದ ಸಾಮಗ್ರಿಯ ಮಾದರಿ ಪಡೆಯಲು ಕೂಡ ಈ ಕಾಯ್ದೆಯಲ್ಲಿ ಅವಕಾಶವಿದೆ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದೇ ಇಲಾಖೆಯ ಮೇಲಧಿಕಾರಿಗೆ. ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ. ಕೇಂದ್ರದ ಕಚೇರಿಯಾದರೆ ಕೇಂದ್ರ ಆಯೋಗ, ರಾಜ್ಯದ್ದಾದರೆ ಕರ್ನಾಟಕ ಆಯೋಗ.

ಎರಡು ಇಲಾಖೆ ಜಗಳವಾಡುವಾಗ

ರೈಲ್ವೆ ಕೆಳಸೇತುವೆಯಲ್ಲಿ ಮಳೆನೀರು ನಿಲ್ಲುತ್ತದೆ. ಸೇತುವೆ ರೈಲ್ವೆಯದು, ಅದಕ್ಕೆ ಕೂಡುವ ರಸ್ತೆ ಲೋಕೋಪಯೋಗಿಯದೋ ಪಂಚಾಯಿತಿಯದೋ, ನೀರು ಹರಿದು ಹೋಗಬೇಕಾದ ಹಳ್ಳ ಕಂದಾಯ ದಾಖಲೆಯಲ್ಲಿ ಸರ್ಕಾರಿ ಜಮೀನು. ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ, ಮೂವರ ಮಾತಿನಲ್ಲೂ ಒಂದಷ್ಟು ನಿಜ ಇರುತ್ತದೆ. ಇಂಥಲ್ಲಿ ಪ್ರತ್ಯೇಕ ಅರ್ಜಿಗಳಿಂದ ಫಲವಿಲ್ಲ. ಜಿಲ್ಲಾಧಿಕಾರಿಗಳಿಗೆ ಅಥವಾ ಉಪವಿಭಾಗಾಧಿಕಾರಿಗಳಿಗೆ ಒಂದೇ ಬೇಡಿಕೆ ಇಡಿ: ಮೂರೂ ಇಲಾಖೆಯವರನ್ನು ಸೇರಿಸಿ ಜಂಟಿ ಸ್ಥಳ ಪರಿಶೀಲನೆ ಮಾಡಿಸಿ, ಅದರ ವರದಿಗೆ ಎಲ್ಲರ ಸಹಿ ಹಾಕಿಸಬೇಕು. ಅರಣ್ಯ ಮತ್ತು ಕಂದಾಯದ ನಡುವಿನ ಗಡಿ ತಕರಾರಿಗೂ ಇದೇ ದಾರಿ, ಅಲ್ಲಿ ಅದನ್ನು ಜಂಟಿ ಸರ್ವೆ ಎನ್ನುತ್ತಾರೆ. ಪರಿಶೀಲನೆಯ ದಿನ ಊರಿನ ನಾಲ್ಕಾರು ಜನ ಸ್ಥಳದಲ್ಲಿರಿ. ನೀರು ಎಲ್ಲಿಯವರೆಗೆ ಏರಿತ್ತು ಎಂದು ತೋರಿಸಬಲ್ಲವರು ನೀವೇ.

ಕೆಳಗಿನಿಂದ ಒತ್ತುವುದು, ಮೇಲಿನಿಂದ ಎಳೆಯುವುದು

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದಕ್ಕೆ ಮುಂಚೆ ವಾರ್ಡ್ ಸಭೆ. ಅಲ್ಲಿ ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದಿದ್ದರೆ ಮಾತ್ರ ಉಳಿಯುತ್ತದೆ. ಸಭೆ ಮುಗಿದ ಮೇಲೆ ನಿಮ್ಮ ಬೇಡಿಕೆ ಯಾವ ನಿರ್ಣಯ ಸಂಖ್ಯೆಯಲ್ಲಿ ಬಂದಿದೆ ಎಂದು ನೋಡಿಕೊಂಡೇ ಎದ್ದು ಬನ್ನಿ. ಮುಂದಿನ ವರ್ಷದ ಪಂಚಾಯಿತಿ ಯೋಜನೆಗೆ ಬೇಡಿಕೆ ಸಂಗ್ರಹಿಸುವ ಕೆಲಸ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಕೇಳಿದರೆ ಆ ವರ್ಷದ ಪಟ್ಟಿ ಆಗಲೇ ಮುಗಿದಿರುತ್ತದೆ.

ಮೇಲಿನವರನ್ನು ಹಿಡಿಯುವುದಾದರೂ ಸಭೆ ನೋಡಿ ಹಿಡಿಯಿರಿ. ತಾಲ್ಲೂಕಿನ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ ಶಾಸಕರ ಅಧ್ಯಕ್ಷತೆಯಲ್ಲಿ, ಜಿಲ್ಲೆಯದು ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ ನಡೆಯುತ್ತದೆ. ಕೇಂದ್ರದ ಯೋಜನೆಗಳನ್ನು ಸಂಸದರ ಅಧ್ಯಕ್ಷತೆಯ ದಿಶಾ ಸಮಿತಿ ಪರಿಶೀಲಿಸುತ್ತದೆ. ಸಭೆಗೆ ವಾರ ಮುಂಚೆ ನಿಮ್ಮ ಅರ್ಜಿ, ಹಿಂಬರಹ, ಮಾಹಿತಿ ಹಕ್ಕಿನ ಉತ್ತರಗಳ ಪ್ರತಿಯನ್ನು ಶಾಸಕರಿಗೋ ಸಂಸದರಿಗೋ ಕೊಟ್ಟು, ಒಂದೇ ಹಾಳೆಯಲ್ಲಿ ಕೇಳಬೇಕಾದ ಪ್ರಶ್ನೆ ಬರೆದುಕೊಡಿ. ಎದುರಿಗೆ ಎಇಇ ಕೂತಿರುವಾಗ ಆ ಹಾಳೆಯಿಂದ ಓದಿದ ಒಂದು ಪ್ರಶ್ನೆ, ಮನೆಯ ಮುಂದೆ ಕೊಟ್ಟ ಹತ್ತು ಮನವಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಸಣ್ಣ ಕಾಮಗಾರಿಯಾದರೆ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇರುತ್ತದೆ. ಅವರು ಶಿಫಾರಸು ಮಾಡಬಹುದು, ಮಂಜೂರು ಮಾಡುವುದು ಜಿಲ್ಲಾಡಳಿತ. ಶಿಫಾರಸು ಪತ್ರ ಸಿಕ್ಕ ಮೇಲೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅದನ್ನು ಹಿಂಬಾಲಿಸಿ.

ಕೆಲಸ ಆದ ದಿನ ಇನ್ನೊಂದು ಕೆಲಸ ಉಳಿದಿರುತ್ತದೆ. ಕಾಮಗಾರಿಯ ನಾಮಫಲಕದ ಫೋಟೊ ತೆಗೆದಿಡಿ: ಯೋಜನೆಯ ಹೆಸರು, ಮೊತ್ತ, ಗುತ್ತಿಗೆದಾರರು, ಮುಗಿದ ದಿನಾಂಕ. ಗ್ರಾಮ ಸಡಕ್ ರಸ್ತೆಯಾದರೆ ಮುಗಿದ ದಿನದಿಂದ 5 ವರ್ಷ ಅದರ ನಿರ್ವಹಣೆ ಅದೇ ಗುತ್ತಿಗೆದಾರರದು. ಬೇರೆ ಕಾಮಗಾರಿಗಳ ಅವಧಿ ಆಯಾ ಒಪ್ಪಂದದಲ್ಲಿರುತ್ತದೆ. ಫಲಕ ಎರಡು ಮಳೆಗಾಲಕ್ಕೆ ಅಳಿಸಿ ಹೋಗುತ್ತದೆ. ಫೋಟೊವನ್ನು ಸ್ವೀಕೃತಿ ಪ್ರತಿ, ಹಿಂಬರಹಗಳಿರುವ ಕಡತಕ್ಕೇ ಸೇರಿಸಿ, ಅವಧಿ ಮುಗಿಯುವ ದಿನಾಂಕವನ್ನು ಕಡತದ ಮೇಲೆ ದಪ್ಪಕ್ಷರದಲ್ಲಿ ಬರೆದು ಊರಿನ ಇನ್ನಿಬ್ಬರಿಗೂ ಅದರ ನಕಲು ಕೊಡಿ.